ಕಾಯಕವಿಲ್ಲದ ಕಾಸು



ಜೂಜಿನ ಯಂತ್ರದ ಮರ್ಮವನ್ನರಿತು ಆಡಿದರೆ ಗೆಲುವು ನಿಶ್ಚಿತವೆಂಬ ಮಾತು ಈಚೆಗೆ ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುತ್ತಿದೆ. ಶ್ರೀನಿವಾಸಪುರದ ಮಾವು, ಕೋಲಾರದ ಟೊಮೇಟೊ, ಮಾಲೂರು ಮುಳಬಾಗಿಲುಗಳ ಹಾಲು, ರೇಷ್ಮೆಗಳಿಂದ ಬೆವರು ಸುರಿಸಿ ಗಳಿಸಿದ ಹಣವನ್ನು ಗೋವೆಯ ಕ್ಯಾಸಿನೋಗಳಿಗೆ ಒಯ್ಯಬಯಸುವವರು ಮೊದಲು ಆ ಮರ್ಮವನ್ನೇ ಅರಿಯಲಿ.

ಮೂರು ಚಕ್ರಗಳು, ಒಂದೊಂದರಲ್ಲಿ ೨೦ ಚಿತ್ರಗಳು ಎಂದಿಟ್ಟುಕೊಳ್ಳಿ. ಒಟ್ಟು ಜೋಡಣೆಗಳು ೮,೦೦೦. ಮಹಾಬಹುಮಾನ ಅವುಗಳಲ್ಲಿ ಒಂದಕ್ಕೆ ಮಾತ್ರ. ಇಂದಿನ ಯಂತ್ರದಲ್ಲಿಯಾದರೋ ಚಕ್ರವೇ ಬರಿಯ ತೋರಿಕೆ. ಗುಂಡಿ ಒತ್ತಿದ ಕ್ಷಣದಲ್ಲಿಯೇ ಒಳಗಿನ ಗಣಕವು ಫಲವನ್ನು ನಿಶ್ಚಯಿಸಿರುತ್ತದೆ. ಚಕ್ರಗಳು ಅದನ್ನು ಅಭಿನಯಿಸುತ್ತವೆ, ಅಷ್ಟೆ. ೧೯೮೪ರಲ್ಲಿ ಇಂಗೆ ಟೆಲ್ನೇಸ್ ಎಂಬಾತನು ಅಮೆರಿಕದಲ್ಲಿ ಪೇಟೆಂಟು ಪಡೆದ ಉಪಾಯದಿಂದ, ಕಣ್ಣಿಗೆ ಸಮನಾಗಿ ಕಾಣುವ ಚಿತ್ರಗಳಲ್ಲಿ ಬಹುಮಾನದ್ದಕ್ಕೆ ಕಡಮೆ ಸಂಖ್ಯೆಗಳನ್ನೂ ಸೋಲಿನದಕ್ಕೆ ಹೆಚ್ಚು ಸಂಖ್ಯೆಗಳನ್ನೂ ಹಂಚಲು ಸಾಧ್ಯವಾಯಿತು. "ಕೂದಲೆಳೆಯಲ್ಲಿ ತಪ್ಪಿತು" ಎಂದು ಆಟಗಾರನು ಪರಿತಪಿಸುವುದು ಇದರಿಂದಲೇ. ಬಹಳ ಹೊತ್ತು ಕೊಡದ ಯಂತ್ರ ಇನ್ನು ಕೊಡಲೇಬೇಕೆಂಬುದೂ ಭ್ರಮೆಯೇ. ಹಿಂದಿನ ಸೋಲನ್ನು ಮುಂದಿನ ಸುತ್ತು ಅರಿಯದು.

ಪಣದಲ್ಲಿ ನೂರಕ್ಕೆ ೯೫ನ್ನು ಮರಳಿಸುವ ಉದಾರ ಯಂತ್ರವೆಂದೇ ಭಾವಿಸೋಣ. ಸುತ್ತಿಗೆ ೧೦ ರೂಪಾಯಿಯಂತೆ ಗಂಟೆಗೆ ೬೦೦ ಸುತ್ತು ಆಡಿದರೆ ಒಡ್ಡಿದ ಪಣ ೬,೦೦೦. ಸರಾಸರಿ ನಷ್ಟ ೩೦೦. ಹೆಚ್ಚು ಹೊತ್ತು ಆಡಿದಷ್ಟೂ ಹೆಚ್ಚು ನಷ್ಟ. ಆದುದರಿಂದ ಆಡದಿರುವುದೊಂದೇ ಇಲ್ಲಿ ಗೆಲ್ಲುವ ಜಾಣತನ.

ಸರ್ಕಾರ ನೋಡಿಕೊಳ್ಳಲಿ ಎನ್ನುವಿರಾ? ಗೋವೆಯು ೧೯೯೨ರಲ್ಲಿ ಪಂಚತಾರಾ ಹೋಟೆಲುಗಳಲ್ಲಿ ಈ ಯಂತ್ರಗಳಿಗೆ ಅನುಮತಿಯಿತ್ತಿತು. ಕರ್ನಾಟಕವು ತಾನೇ ನಡೆಸುತ್ತಿದ್ದ ಲಾಟರಿಯನ್ನು ೨೦೦೭ರಲ್ಲಿ ನಿಲ್ಲಿಸಿತು. ೨೦೨೧ರಲ್ಲಿ ಆನ್‌ಲೈನ್ ಜೂಜಿನ ಮೇಲೆ ತಂದ ನಿಷೇಧವನ್ನು ೨೦೨೨ರಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾನೂನು ಹೀಗೆ ಒಂದು ಕದವನ್ನು ಮುಚ್ಚುತ್ತ ಇನ್ನೊಂದನ್ನು ತೆರೆಯುತ್ತ ಬಂದಿದೆ. ಆಸೆಯ ಕದಕ್ಕೆ ಅಗುಳಿ ಹಾಕಬೇಕಾದವರು ನೀವೇ.

"ಗೆದ್ದರೆ ಮಠಕ್ಕೂ ಒಂದು ಪಾಲು" ಎಂಬ ಹರಕೆಯ ಮಾತನ್ನಂತೂ ನಾವು ಸರ್ವಥಾ ಒಪ್ಪಲಾರೆವು. ಗಂಡನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಹಿಂದಿರುಗಿಸಿದ ಕಥೆ ನಿಮಗೆ ತಿಳಿಯದುದಲ್ಲ. ಮಾರಯ್ಯನು ತಂದುದು ತಾನೇ ಬಾಗಿ ಆಯ್ದ ಅಕ್ಕಿ. ಆದರೂ ಅಗತ್ಯಕ್ಕೆ ಮೀರಿದುದೆಂಬ ಕಾರಣಕ್ಕೆ ಆ ಶರಣೆ ಅದನ್ನು ಒಲ್ಲೆನೆಂದಳು. ಜೂಜಿನ ಗೆಲುವಾದರೋ ಸೋತವರ ಮನೆಯ ಅನ್ನ. ಕಾಯಕದಿಂದ ಹುಟ್ಟದ ಹಣ ದಾಸೋಹಕ್ಕೆ ಸಲ್ಲದು. ಮಠದ ಒಲೆ ಒಂದು ದಿನ ಉರಿಯದಿದ್ದರೂ ಚಿಂತೆಯಿಲ್ಲ. ಆ ಕಾಣಿಕೆಯನ್ನು ತರಬೇಡಿರಿ.