ಚೆದುರಿ ಕುಳಿತ ಸಂಸಾರ

ಬೆಳಗಿನ ಜಾವ ಮಾರಿಕುಪ್ಪಂ ನಿಲ್ದಾಣದಲ್ಲಿ ಹೊರಡಲು ನಿಂತಿರುವ ಬೆಂಗಳೂರು ಗಾಡಿಯಲ್ಲಿ ಆರು ಜನರ ಸಂಸಾರವೊಂದು ಒಂದೇ ಕಡೆ ಕೂಡುವುದು ಕಷ್ಟವಲ್ಲ. ಚಾಂಪಿಯನ್, ಊರಿಗಾಂ, ಕೋರಮಂಡಲಗಳನ್ನು ದಾಟಿ ಗಾಡಿ ಬಂಗಾರಪೇಟೆಯನ್ನು ಮುಟ್ಟುವ ವೇಳೆಗೆ ಸ್ಥಿತಿಯೇ ಬೇರೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ಮೇಲೆ ದುಡಿಮೆಗಾಗಿ ದಿನವೂ ಬೆಂಗಳೂರಿಗೆ ಹೋಗಿಬರುವವರು ಸಾವಿರಾರು ಮಂದಿ. ಬಂಗಾರಪೇಟೆಯಲ್ಲಿ ಹತ್ತಿದ ಸಂಸಾರದಲ್ಲಿ ತಂದೆ ಒಂದು ಡಬ್ಬಿ, ತಾಯಿ ಮತ್ತೊಂದು; ಮಕ್ಕಳು ಸಿಕ್ಕ ಸಿಕ್ಕ ಕಡೆ. ಯಾರೂ ಕಳೆದುಹೋಗಿಲ್ಲ, ನಿಜ. ಆದರೆ ಆರು ಜನರನ್ನೂ ಕಾಣಬೇಕಾದವನು ಗಾಡಿಯ ಉದ್ದಕ್ಕೂ ಅಲೆಯಬೇಕು.

ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಆಗುವುದೂ ಇದೇ. ಕಡತಗಳನ್ನು ವಿಂಡೋಸ್ ಸಾಮಾನ್ಯವಾಗಿ 4 ಕಿಲೋಬೈಟುಗಳ ತುಣುಕುಗಳಾಗಿ ಇಡುತ್ತದೆ. ಹಳೆಯವನ್ನು ಅಳಿಸಿ ಹೊಸದನ್ನು ಬರೆಯುತ್ತ ಹೋದಂತೆ ಒಂದೇ ಕಡತದ ತುಣುಕುಗಳು ತೆರವಾದೆಡೆಯಲ್ಲೆಲ್ಲ ಚೆದುರುತ್ತವೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯೂ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಎಂಟು ಪಾಲು ಕಾಲವನ್ನು ತೆಗೆದುಕೊಳ್ಳುತ್ತದೆ. ಓದುವ ಮುಳ್ಳು ಸಾವಿರಾರು ಕಡೆ ಅಲೆದರೆ ಆ ಪಾಲುಗಳೇ ನಿಮಿಷಗಳಾಗುತ್ತವೆ.

ವಿಂಡೋಸ್ 7 ಮತ್ತು ಅದರ ನಂತರದವುಗಳಲ್ಲಿ ಈ ತುಣುಕುಗಳನ್ನು ಕೂಡಿಸುವ ‘ಡಿಫ್ರಾಗ್’ ಕೆಲಸ ವಾರಕ್ಕೊಮ್ಮೆ ತಾನಾಗಿಯೇ ನಡೆಯುವ ಏರ್ಪಾಡಿದೆ. ಆದರೂ ಕೆಲವು ಕಡತಗಳು ಕದಲವು. ಮೆಮೊರಿ ಸಾಲದಾದಾಗ ಯಂತ್ರವು ಬಳಸುವ ಪೇಜ್ ಫೈಲು ಅಂಥದು. ಓಡುವ ಗಾಡಿಯಲ್ಲಿ ಚಾಲಕನನ್ನು ಎಬ್ಬಿಸಿ ಬೇರೆಡೆ ಕೂರಿಸಲಾದೀತೆ? ಆ ಕೆಲಸವೇನಿದ್ದರೂ ಗಾಡಿ ನಿಂತಾಗ.

ಉಪಾಯವಿಷ್ಟೆ. ಮೊದಲು ಮುಖ್ಯವಾದುದೆಲ್ಲದರ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಬೇಕು. ಬೇಡದ್ದನ್ನು ಅಳಿಸಿ ಡಿಸ್ಕಿನಲ್ಲಿ ಶೇಕಡ 15ರಷ್ಟಾದರೂ ತೆರವು ಮಾಡಬೇಕು. ಬಳಿಕ ಪೇಜ್ ಫೈಲನ್ನು ತಾತ್ಕಾಲಿಕವಾಗಿ ರದ್ದುಗೊಳಿಸಿ, ಯಂತ್ರವನ್ನು ಮತ್ತೆ ಆರಂಭಿಸಿ, ಬೇರೇನನ್ನೂ ತೆರೆಯದೆ ಡಿಫ್ರಾಗ್ ನಡೆಸಬೇಕು. ಅದು ಮುಗಿದ ಮೇಲೆ ಪೇಜ್ ಫೈಲನ್ನು ತಪ್ಪದೆ ಮರಳಿ ಸ್ಥಾಪಿಸಿ, ಅದರ ಕನಿಷ್ಠ ಮತ್ತು ಗರಿಷ್ಠ ಅಳತೆಗಳನ್ನು ಒಂದೇ ಆಗಿರಿಸಬೇಕು. ಕಾದಿರಿಸಿದ ಡಬ್ಬಿಯಲ್ಲಿ ಕುಳಿತ ಸಂಸಾರದಂತೆ ಅದು ಮತ್ತೆ ಸುಲಭವಾಗಿ ಚೆದುರದು.

ಎಸ್‌ಎಸ್‌ಡಿ ಇರುವ ಯಂತ್ರಗಳಿಗೆ ಈ ಚಿಕಿತ್ಸೆ ಬೇಡ. ಅಲ್ಲಿ ತಿರುಗುವ ತಟ್ಟೆಯೂ ಇಲ್ಲ, ಅಲೆಯುವ ಮುಳ್ಳೂ ಇಲ್ಲ. ಪದೇ ಪದೇ ಬರೆದಷ್ಟೂ ಅದು ಸವೆಯುತ್ತದೆ. ಅದಕ್ಕೆ ಬೇಕಾದ ಆರೈಕೆಯನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ.

ಮಗಳ ಓದಿಗೆಂದು ಸಾಲ ಮಾಡಿ ತಂದ ಯಂತ್ರ ತಡವರಿಸಿದೊಡನೆ ‘ಇದು ಮುಗಿಯಿತು, ಹೊಸದು ಕೊಳ್ಳಿ’ ಎಂಬ ಮಾತಿಗೆ ಮರುಳಾಗುವುದಕ್ಕಿಂತ, ಒಂದು ಸಂಜೆಯನ್ನು ಈ ಪರೀಕ್ಷೆಗೆ ಮೀಸಲಿಡುವುದು ಲೇಸು. ಆದರೆ ಡಿಸ್ಕಿನಿಂದ ಟಕ್‌ ಟಕ್‌ ಸದ್ದು ಕೇಳಿಬಂದರೆ ಡಿಫ್ರಾಗಿನ ಗೋಜಿಗೇ ಹೋಗಬಾರದು. ಅದು ಚೆದುರಿದ ಸಂಸಾರದ ಸದ್ದಲ್ಲ, ಕೆಡುತ್ತಿರುವ ಗಾಡಿಯ ಸದ್ದು. ಮಗಳ ಟಿಪ್ಪಣಿಗಳನ್ನೂ ಮನೆಯವರ ಭಾವಚಿತ್ರಗಳನ್ನೂ ಆ ಕ್ಷಣವೇ ಬೇರೆಡೆಗೆ ಇಳಿಸಿಕೊಳ್ಳುವುದೇ ಜಾಣತನ.