ಪರದೆಯಾಚೆಗಿನ ಮನೆಗೂ ಬಾಗಿಲಿದೆ

ನಮ್ಮ ಬಳಿ ಕಲಿಯುವ ಒಂಬತ್ತನೆಯ ತರಗತಿಯ ಬಾಲಕನೊಬ್ಬ, ತಾನು ಬಹಳ ಇಷ್ಟಪಡುವ ಚಾನೆಲಿನ ವೀಡಿಯೊವೊಂದರ ಕೆಳಗೆ ಮೆಚ್ಚುಗೆಯ ಮಾತು ಬರೆದ. ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು. ಅದೇ ಹೆಸರು, ಅದೇ ಭಾವಚಿತ್ರ. ಮೊಬೈಲ್ ಬಹುಮಾನ ಬಂದಿದೆ, ಬೇರೊಂದು ಆ್ಯಪ್‌ನಲ್ಲಿ ಸಂಪರ್ಕಿಸು ಎಂಬ ಒಕ್ಕಣೆ. ಕೊರಿಯರ್ ಖರ್ಚೆಂದು ಅವರು ಕೇಳಿದ 1,500 ರೂಪಾಯಿಯನ್ನು ಆತ ತಂದೆಯ ಫೋನಿನಿಂದ ಕಳುಹಿಸಿದ. ಬಹುಮಾನ ಬರಲಿಲ್ಲ. ತಾನು ಗೌರವಿಸುತ್ತಿದ್ದವರೇ ಮೋಸ ಮಾಡಿದರೆಂಬ ನೋವು ಆತನನ್ನು ಹಣಕ್ಕಿಂತ ಹೆಚ್ಚು ಕಾಡಿತು. ಮೋಸ ಮಾಡಿದ್ದು ಅವರ ವೇಷ ತೊಟ್ಟ ಬೇರಾರೋ ಎಂದು ಮನವರಿಕೆ ಮಾಡಲು ನಮಗೆ ಬಹಳ ಹೊತ್ತು ಹಿಡಿಯಿತು.

ಒಬ್ಬರ ಪಾಠವನ್ನೋ ಅಡುಗೆಯನ್ನೋ ಮೆಚ್ಚಿ ಅವರಿಗೆ ನಾಲ್ಕು ಮಾತು ಬರೆಯಬೇಕೆನಿಸುವುದು ತಪ್ಪಲ್ಲ. ಆದರೆ ಪರದೆಯ ಪರಿಚಯ ಏಕಮುಖವಾದುದು. ಅವರ ಅಡುಗೆಮನೆ, ಅವರ ಮಕ್ಕಳ ಹೆಸರು ನಮಗೆ ಗೊತ್ತು. ನಾವು ಯಾರೆಂಬುದು ಅವರಿಗೆ ಗೊತ್ತಿಲ್ಲ. ಇದನ್ನು ಮರೆತಾಗಲೇ ಅಭಿಮಾನಿಯು ಮರ್ಯಾದೆ ಮೀರುತ್ತಾನೆ. ಇದನ್ನು ಮರೆತಾಗಲೇ ಮೋಸವನ್ನೂ ಹೋಗುತ್ತಾನೆ.

ಅನ್ಯರ ಮನೆಯನ್ನು ಅನುಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದೂ, ಮರಳಿ ಹೋಗಿರೆಂದರೆ ಮರಳಬೇಕೆಂದೂ ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯ ಕಲಿಸುತ್ತದೆ. ಮೂರು ಬಾರಿ ಕೇಳಿಯೂ ಅನುಮತಿ ದೊರೆಯದಿದ್ದರೆ ಹಿಂದಿರುಗಬೇಕೆಂಬುದು ಪ್ರವಾದಿ(ಸ)ರ ಬೋಧನೆ. ಅಪರಿಚಿತರಿಗೆ ಕಳುಹಿಸುವ ಸಂದೇಶವೂ ಕದ ತಟ್ಟುವುದೇ ಅಲ್ಲವೇ?

ಹಾಗಾದರೆ ಬಾಗಿಲು ಯಾವುದು? ಅವರೇ ತೆರೆದಿಟ್ಟದ್ದು. ವೀಡಿಯೊದ ಕೆಳಗಿನ ಪ್ರತಿಕ್ರಿಯೆಯ ಜಾಗ, ಚಾನೆಲಿನ ಪರಿಚಯ ಪುಟದಲ್ಲಿ ಅವರೇ ಕೊಟ್ಟ ಇಮೇಲ್ ವಿಳಾಸ, ಇನ್‌ಸ್ಟಾಗ್ರಾಂನ ಸಂದೇಶ ಪೆಟ್ಟಿಗೆ. ಹೇಗೋ ಪತ್ತೆಹಚ್ಚಿದ ಮನೆಯ ಫೋನ್ ಸಂಖ್ಯೆ, ಮಕ್ಕಳ ಶಾಲೆ, ಸಂಬಂಧಿಕರ ಖಾತೆ ಇವು ಬಾಗಿಲಲ್ಲ, ಕಿಟಕಿ ಹಾರುವ ದಾರಿ. ನಾವು ಯಾರು, ಯಾವ ವೀಡಿಯೊದಲ್ಲಿ ಏನು ಹಿಡಿಸಿತು, ಕೇಳಬೇಕಾದುದೇನು ಎಂಬುದನ್ನು ಐದಾರು ಸಾಲಿನಲ್ಲಿ ಬರೆದರೆ ಸಾಕು. ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಬಹುದು. ಆಮೇಲಿನ ಮೌನವೂ ಉತ್ತರವೇ. ವೀಡಿಯೊ ಮಾಡುವವರು ಮಹಿಳೆಯಾಗಿದ್ದರೆ ನಮ್ಮ ಯುವಕರು ಇದನ್ನು ಇನ್ನಷ್ಟು ನೆನಪಿಡಬೇಕು. ಇಷ್ಟವಿಲ್ಲವೆಂದು ಆಕೆ ಸ್ಪಷ್ಟವಾಗಿ ಸೂಚಿಸಿದ ಮೇಲೂ ಪುರುಷನು ಪದೇ ಪದೇ ಸಂಪರ್ಕಿಸಲು ಯತ್ನಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನ ಪ್ರಕಾರ ಅಪರಾಧ. ಮೊದಲ ಬಾರಿಗೇ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಅವರ ಗೌರವವನ್ನು ಕಾಯುವ ಈ ಬಾಗಿಲೇ ನಮ್ಮ ಸುರಕ್ಷೆಯನ್ನೂ ಕಾಯುತ್ತದೆ. ಹೆಸರು ಮತ್ತು ಭಾವಚಿತ್ರವನ್ನು ಯಾರೂ ನಕಲು ಮಾಡಬಹುದು. ಆದರೆ ಯೂಟ್ಯೂಬ್‌ನಲ್ಲಿ @ ಚಿಹ್ನೆಯಿಂದ ಆರಂಭವಾಗುವ ಗುರುತು ಒಂದೊಂದು ಚಾನೆಲಿಗೂ ಬೇರೆ ಬೇರೆ. ಅದನ್ನು ಅಕ್ಷರ ಬಿಡದೆ ಹೋಲಿಸಿ ನೋಡಬೇಕು. ಬಹುಮಾನದ ಆಸೆ ತೋರಿಸಿ ಬೇರೆ ಆ್ಯಪ್‌ಗೆ ಕರೆದರೆ, ಹಣ, ಒಟಿಪಿ ಅಥವಾ ಭಾವಚಿತ್ರ ಕೇಳಿದರೆ ಮಾತು ಅಲ್ಲಿಗೇ ನಿಲ್ಲಲಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಖಾತೆ ನಿಜವಾದದ್ದೇ ಆದರೂ, ಮನೆಯವರಿಗೆ ಹೇಳಬೇಡವೆಂದು ಮಗುವಿಗೆ ಬರೆಯುವವರು ಎಷ್ಟೇ ಪ್ರಸಿದ್ಧರಾಗಿರಲಿ, ನಂಬಿಕೆಗೆ ಅರ್ಹರಲ್ಲ.

ಆ ಬಾಲಕ ಎರಡು ವಾರ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಕಾರಣ ಕೇಳಿದಾಗ, "ಉಸ್ತಾದ್, ಅಬ್ಬಾ ಫೋನ್ ಕಿತ್ತುಕೊಳ್ಳುತ್ತಾರೆಂದು ಹೆದರಿದೆ" ಎಂದ. ಮೋಸಗಾರನಿಗೆ ಆ ಎರಡು ವಾರಗಳನ್ನು ಒದಗಿಸಿಕೊಟ್ಟದ್ದು ನಮ್ಮ ಗದರಿಕೆಯೇ. ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಮಗು ತಾನು ಮೆಚ್ಚಿದವರಿಗೆ ಬರೆಯುವ ಮೊದಲ ಸಂದೇಶವನ್ನು ಪಕ್ಕದಲ್ಲಿ ಕುಳಿತು ಬರೆಸಿರಿ. ಮುಂದೆ ಏನಾದರೂ ಎಡವಟ್ಟಾದರೆ ಅದು ನಿಮ್ಮ ಬಳಿಗೇ ಓಡಿ ಬಂದೀತು.