ಮನೆಯಲ್ಲಿ ಕಲಿಯುವ ಮಗು, ಒಂಟಿಯಾದ ತಾಯಿ

ಕಳೆದ ತಿಂಗಳಲ್ಲಿ ಒಂದು ಸಂಜೆ, ದೀಪ ಹಚ್ಚುವ ವೇಳೆಗೆ, ನಮಗೆ ಪರಿಚಿತಳಾದ ಓರ್ವ ತಾಯಿಯು ತನ್ನ ಇಬ್ಬರು ಮಕ್ಕಳೊಡನೆ ನಮ್ಮ ಮನೆಗೆ ಬಂದಳು. ಹಿರಿಯವನಿಗೆ ಏಳು ವರ್ಷ, ಕಿರಿಯವಳಿಗೆ ನಾಲ್ಕು. ಇಬ್ಬರನ್ನೂ ಶಾಲೆಗೆ ಸೇರಿಸದೆ, ಅವರವರ ಕುತೂಹಲವು ಹೋದ ದಾರಿಯಲ್ಲಿ ಮನೆಯಲ್ಲಿಯೇ ಬೆಳೆಯಿಸಬೇಕೆಂದು ಆಕೆಯೂ ಆಕೆಯ ಪತಿಯೂ ಎರಡು ವರ್ಷಗಳ ಹಿಂದೆ ನಿಶ್ಚಯಿಸಿದ್ದರು. ಮಕ್ಕಳು ಅಂಗಳಕ್ಕೆ ಓಡಿದರು. ತಾಯಿಯು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, "ಮಕ್ಕಳು ಕಲಿಯುತ್ತಿದ್ದಾರೆ, ಅಮ್ಮಾ. ಸೋತಿರುವವಳು ನಾನು," ಎಂದಳು.

ಕಾರಣವನ್ನು ವಿಚಾರಿಸಿದೆವು. ಹಿಂದಿನ ವಾರ ನೆಂಟರ ಮನೆಯ ಮದುವೆಯಲ್ಲಿ ಹಿರಿಯರೊಬ್ಬರು ಹುಡುಗನನ್ನು ಕರೆದು, "ಎಷ್ಟನೆಯ ತರಗತಿಯಪ್ಪಾ?" ಎಂದು ಕೇಳಿದರಂತೆ. ಶಾಲೆಗೆ ಹೋಗುವುದಿಲ್ಲವೆಂದು ತಿಳಿದೊಡನೆ, "ಹಾಗಾದರೆ ಏಳರ ಮಗ್ಗಿ ಹೇಳು, ನೋಡೋಣ," ಎಂದರಂತೆ. ಹುಡುಗನು ಬಾಯಿ ಬಿಡಲಿಲ್ಲ. ಮನೆಯಲ್ಲಿ ಹಾಲಿನವನ ತಿಂಗಳ ಲೆಕ್ಕವನ್ನು ತಾನೇ ಕೂಡಿ ಹೇಳುವ ಹುಡುಗನವನು. ಆದರೆ ಇಪ್ಪತ್ತು ಮಂದಿಯ ಇದಿರಿನಲ್ಲಿ ಮಗ್ಗಿಯು ಹೊರಡಲಿಲ್ಲ. ಅತ್ತೆಯವರು ಒಂದು ಮಾತನ್ನೂ ಆಡದೆ ಮುಖವನ್ನು ತಿರುಗಿಸಿಕೊಂಡರು. ಆ ಮೌನವು ಬೈಗುಳಕ್ಕಿಂತಲೂ ಹೆಚ್ಚಾಗಿ ನೋಯಿಸಿತೆಂದು ಹೇಳಿ ಆಕೆ ಕಣ್ಣೊರಸಿಕೊಂಡಳು.

ಈ ಮಾರ್ಗವನ್ನು ಹಿಡಿದ ತಂದೆತಾಯಿಗಳು ನಮ್ಮ ವಾಚಕರಲ್ಲಿಯೂ ಕೆಲವರಿರಬಹುದು. ಅವರ ಮಾರ್ಗವು ಸರಿಯೋ ತಪ್ಪೋ ಎಂಬ ವಾದಕ್ಕೆ ನಾವು ಇಂದು ಕೈ ಹಾಕುವುದಿಲ್ಲ. ಹಿಡಿದವರಿಗೆ ಆಸರೆಯು ಎಲ್ಲಿಂದ ಬರಬೇಕು ಎಂಬುದಷ್ಟೇ ಈ ತಿಂಗಳ ನಮ್ಮ ವಿಚಾರ.

ಆಂಗ್ಲ ಭಾಷೆಯಲ್ಲಿ ಇದಕ್ಕೆ 'ಅನ್‌ಸ್ಕೂಲಿಂಗ್' ಎಂಬ ಹೆಸರುಂಟು. ಶಾಲೆಯ ಪಾಠಪಟ್ಟಿಯನ್ನು ಮನೆಗೆ ತಂದು ಒಪ್ಪಿಸುವ ಕ್ರಮವಲ್ಲ ಇದು. ಮಗುವಿನ ಆಟ, ಪ್ರಶ್ನೆ, ಕೆಲಸಗಳ ಮೂಲಕವೇ ವಿದ್ಯೆಯು ಬರಲೆಂದು ಬಿಡುವುದು. ಈ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಜಾನ್ ಹೋಲ್ಟ್ ಎಂಬ ಉಪಾಧ್ಯಾಯರು. ತರಗತಿಯಲ್ಲಿ ಮಕ್ಕಳು ಏಕೆ ಸೋಲುತ್ತಾರೆಂಬುದನ್ನು ಕುರಿತು ಅವರು 1964ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. 1977ರಲ್ಲಿ ಬಾಸ್ಟನ್ ನಗರದಿಂದ 'ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್' ಎಂಬ ಚಿಕ್ಕ ಪತ್ರಿಕೆಯನ್ನು ಹೊರಡಿಸಿದರು. ಅದರ ಬಹುಭಾಗವು ತಂದೆತಾಯಿಗಳು ಬರೆದ ಕಾಗದಗಳೇ. ಅಲ್ಲದೆ, ಇತರರೊಡನೆ ಪರಿಚಯವನ್ನು ಬಯಸುವ ಕುಟುಂಬಗಳ ವಿಳಾಸಪಟ್ಟಿಯನ್ನೂ ಅದರಲ್ಲಿ ಅಚ್ಚು ಹಾಕುತ್ತಿದ್ದರು. ಹೋಲ್ಟರು 1985ರಲ್ಲಿ ತೀರಿಕೊಂಡ ಮೇಲೆಯೂ ಪತ್ರಿಕೆಯು 2001ರ ವರೆಗೆ ನಡೆಯಿತು. ತತ್ತ್ವವನ್ನು ಬೋಧಿಸಿದವರೇ ವಿಳಾಸಪಟ್ಟಿಯನ್ನೂ ಅಚ್ಚು ಹಾಕಿದರೆಂಬುದು ಗಮನಿಸತಕ್ಕ ವಿಷಯವು. ನಂಬಿಕೆಯೊಂದರಿಂದಲೇ ಮನೆಯು ನಡೆಯದು, ನೆರೆಯೂ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಶಾಲೆಯು ಪಾಠವನ್ನು ಮಾತ್ರ ಹೇಳುವುದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ದಿನಕ್ಕೆ ಆರು ತಾಸು ಮಗುವನ್ನು ಕಾಯುತ್ತದೆ, ಓರಗೆಯವರನ್ನು ಒದಗಿಸುತ್ತದೆ, ತಾಯಿಗೆ ಬಿಡುವನ್ನು ಕೊಡುತ್ತದೆ, ನೆಂಟರು ಕೇಳುವ ಪ್ರಶ್ನೆಗೆ ಸಿದ್ಧವಾದ ಉತ್ತರವನ್ನೂ ಕೊಡುತ್ತದೆ. ಶಾಲೆಯನ್ನು ಬಿಟ್ಟ ಮನೆಯಲ್ಲಿ ಈ ಭಾರವೆಲ್ಲವೂ ಸದ್ದಿಲ್ಲದೆ ಒಬ್ಬಳ ಹೆಗಲಿಗೆ ಬೀಳುತ್ತದೆ. ಆಕೆಗೆ ದಣಿವಾದರೆ ಅದನ್ನು ಮಾರ್ಗದ ಸೋಲೆಂದು ತಿಳಿಯುತ್ತಾಳೆ. ಅನೇಕ ವೇಳೆ ಅದು ಹಂಚಿಕೊಳ್ಳದ ಹೊರೆಯ ಫಲವು.

ಮಹಾತ್ಮ ಗಾಂಧಿಯವರ ಜೀವನದಲ್ಲಿಯೇ ಇದಕ್ಕೆ ನಿದರ್ಶನವಿದೆ. 1897ರಲ್ಲಿ ಅವರು ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಇಳಿದಾಗ ಜೊತೆಯಲ್ಲಿ ಮೂವರು ಹುಡುಗರಿದ್ದರು: ಹತ್ತು ವರ್ಷದ ಸೋದರಳಿಯ, ಒಂಬತ್ತು ಹಾಗೂ ಐದು ವರ್ಷದ ಸ್ವಂತ ಮಕ್ಕಳು. ಯುರೋಪಿಯನ್ನರ ಶಾಲೆಯಲ್ಲಿ ತಮ್ಮ ಮಕ್ಕಳಿಗೆ ಮಾತ್ರ ದಾಕ್ಷಿಣ್ಯದಿಂದ ಸಿಗಬಹುದಾಗಿದ್ದ ಪ್ರವೇಶವನ್ನು ಅವರು ಬೇಡವೆಂದರು. ಮನೆಯಲ್ಲಿಯೇ ಕಲಿಸಲು ಹೊರಟರು. ತಿಂಗಳಿಗೆ ಏಳು ಪೌಂಡು ಕೊಟ್ಟು ಓರ್ವ ಆಂಗ್ಲ ಮಹಿಳೆಯನ್ನು ಕೆಲಕಾಲ ನೇಮಿಸಿಕೊಂಡರು. ಆದರೆ ಮಕ್ಕಳಿಗೆ ಕೊಡಬೇಕೆಂದಿದ್ದಷ್ಟು ಕಾಲವನ್ನು ತಾವು ಕೊಡಲಾಗಲಿಲ್ಲವೆಂದೂ, ಮಕ್ಕಳಿಗೆ ಆ ವಿಷಯದಲ್ಲಿ ಅಸಮಾಧಾನವುಂಟೆಂದೂ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಹಿರಿಯ ಮಗ ಹರಿಲಾಲನು ಶಾಲೆಯ ವಿದ್ಯೆಯನ್ನು ಬಯಸಿ ತಂದೆಯನ್ನು ಬಿಟ್ಟು ಭಾರತಕ್ಕೆ ಹೊರಟುಹೋದನು.

ಅದೇ ಗಾಂಧಿಯವರು 1910ರಲ್ಲಿ ಜೋಹಾನ್ಸ್‌ಬರ್ಗಿನ ಸಮೀಪದಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಎಂಬ ನೆಲೆಯಲ್ಲಿ ಅನೇಕ ಕುಟುಂಬಗಳ ಮಕ್ಕಳಿಗೆ ಕಲಿಸಿದರು. ಅಲ್ಲಿ ಅವರು ಒಂಟಿಯಾಗಿರಲಿಲ್ಲ. ಜಮೀನನ್ನು ಬಿಟ್ಟುಕೊಟ್ಟ ಮಿತ್ರ ಹರ್ಮನ್ ಕಾಲೆನ್‌ಬಾಕರು ಒಂದು ಕ್ರೈಸ್ತ ಮಠಕ್ಕೆ ಹೋಗಿ ಪಾದರಕ್ಷೆ ಹೊಲಿಯುವುದನ್ನು ಕಲಿತುಬಂದರು, ಅವರಿಂದ ಗಾಂಧಿಯವರು ಕಲಿತರು, ಗಾಂಧಿಯವರಿಂದ ಮಕ್ಕಳು. ಮರಗೆಲಸ ಬಲ್ಲವರು ಅದನ್ನು ತೋರಿಸಿದರು. ಅಡುಗೆಯಂತೂ ಬಹುಮಟ್ಟಿಗೆ ಎಲ್ಲರಿಗೂ ಬರುತ್ತಿತ್ತು. ಅಲ್ಲಿಯೂ ಕೊರತೆಗಳಿದ್ದುವು, ಬೆಳಗಿನ ದುಡಿಮೆಯ ಮೇಲೆ ಮಧ್ಯಾಹ್ನದ ಪಾಠಕ್ಕೆ ಕುಳಿತವರಿಗೆ ನಿದ್ರೆ ಬರುತ್ತಿತ್ತು. ಆದರೂ ಭಾರವು ಒಬ್ಬರದಾಗಿರಲಿಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ನಮ್ಮ ಗಾದೆಯು ಇದನ್ನೇ ಹೇಳುವುದಲ್ಲವೆ?

ಹಾಗಾದರೆ ಈ ಹತ್ತು ಜನರನ್ನು ಎಲ್ಲಿಂದ ತರುವುದು? ಆ ಸಂಜೆ ನಾವು ಹೇಳಿದುದನ್ನೇ ಇಲ್ಲಿಯೂ ಬರೆಯುತ್ತೇವೆ.

ಮೊದಲನೆಯದಾಗಿ, ಪತಿಯಿಂದ ಒಪ್ಪಿಗೆಯೊಂದನ್ನೇ ಪಡೆದರೆ ಸಾಲದು, ಹೊತ್ತನ್ನು ಪಡೆಯಬೇಕು. "ನಿನ್ನಿಷ್ಟದಂತೆ ಮಾಡು" ಎನ್ನುವ ಗಂಡನು ಉದಾರನಿರಬಹುದು, ಆದರೆ ಅವನು ಭಾಗಸ್ಥನಲ್ಲ. ವಾರದಲ್ಲಿ ಇಂಥ ಎರಡು ಸಂಜೆ, ಭಾನುವಾರದ ಇಷ್ಟು ತಾಸು ಮಕ್ಕಳು ತನ್ನ ಹೊಣೆಯೆಂದು ಅವನು ಗೊತ್ತುಮಾಡಿಕೊಳ್ಳತಕ್ಕದ್ದು. ನೆಂಟರ ಪ್ರಶ್ನೆಗೆ ಉತ್ತರ ಹೇಳುವ ಕೆಲಸದಲ್ಲಿಯೂ ಅರ್ಧವು ಅವನದೇ.

ಎರಡನೆಯದಾಗಿ, ಮನೆಯ ಹಿರಿಯರೊಡನೆ ವಾದ ಬೇಡ. ಅವರಿಗೊಂದು ಪಾತ್ರವನ್ನು ಕೊಡಿರಿ. ಅತ್ತೆಯವರ ಮೌನದಲ್ಲಿ ಕೋಪಕ್ಕಿಂತ ಭಯವು ಹೆಚ್ಚಾಗಿರುತ್ತದೆ. ಮೊಮ್ಮಗನು ಹಿಂದೆ ಬಿದ್ದಾನೆಂಬ ಭಯ. ತಮ್ಮನ್ನು ಯಾರೂ ಕೇಳಲಿಲ್ಲವೆಂಬ ನೋವು. ಹಿತ್ತಲ ಗಿಡ ಮದ್ದಲ್ಲವೆಂದು ಅವರನ್ನು ಬಿಟ್ಟು ದೂರದವರ ಪುಸ್ತಕಗಳಲ್ಲಿ ಆಸರೆಯನ್ನು ಹುಡುಕುವುದು ಸರಿಯಲ್ಲ. ರಂಗೋಲಿಯ ಚುಕ್ಕಿಗಳ ಎಣಿಕೆ, ಉಪ್ಪಿನಕಾಯಿಯ ಅಳತೆ, ಅಳಗುಳಿಮಣೆಯ ಆಟ, ರಾಮಾಯಣದ ಕಥೆ ಇವೆಲ್ಲವೂ ಅವರ ಭಂಡಾರದಲ್ಲಿವೆ. ಕೊಟ್ಟವರು ತಾವು ಕೊಟ್ಟುದನ್ನು ಸುಲಭವಾಗಿ ಹಳಿಯಲಾರರು.

ಮೂರನೆಯದಾಗಿ, ಇನ್ನೊಂದು ಮನೆಯನ್ನು ಹುಡುಕಿಕೊಳ್ಳಿರಿ. ಒಂದೇ ಸಾಕು, ಎರಡು ಸಿಕ್ಕರೆ ಭಾಗ್ಯವು. ಇದೇ ಮಾರ್ಗದವರೇ ಆಗಬೇಕೆಂಬ ನಿಯಮವಿಲ್ಲ. ಶಾಲೆಗೆ ಹೋಗುವ ಮಕ್ಕಳ ಮನೆಯಾದರೂ ಸರಿಯೆ. ವಾರದಲ್ಲಿ ಒಂದು ನಿಶ್ಚಿತವಾದ ದಿನ ಒಬ್ಬಳು ಎಲ್ಲ ಮಕ್ಕಳನ್ನೂ ನೋಡಿಕೊಂಡರೆ ಮತ್ತೊಬ್ಬಳಿಗೆ ಬಿಡುವಾಗುತ್ತದೆ. ಕೈಯಲ್ಲಿರುವ ದೂರವಾಣಿಯ ಮೂಲಕ ನೂರು ಮಂದಿಯ ಸಮಾಧಾನದ ಮಾತು ದೊರೆಯಬಹುದು. ಮಗುವಿಗೆ ಜ್ವರ ಬಂದ ದಿನ ಬಾಗಿಲಿಗೆ ಬರುವವಳು ಪಕ್ಕದ ಬೀದಿಯವಳೇ.

ನಾಲ್ಕನೆಯದಾಗಿ, ಊರನ್ನೂ ಉಪಯೋಗಿಸಿಕೊಳ್ಳಿರಿ. ದರ್ಜಿ, ಬಡಗಿ, ಹೂ ಕಟ್ಟುವವಳು ಇವರೆಲ್ಲರೂ ಬಿಡುವಿನ ವೇಳೆಯಲ್ಲಿ ಮಗುವಿನ ಪ್ರಶ್ನೆಗೆ ಸಂತೋಷದಿಂದ ಉತ್ತರ ಕೊಡುತ್ತಾರೆ. ಗ್ರಂಥಾಲಯವೂ ಉಂಟು. ನಮ್ಮ ರಾಜ್ಯದಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳುವ ಏರ್ಪಾಡಾಯಿತು.

ಐದನೆಯದಾಗಿ, ಕಾಯ್ದೆಯನ್ನು ತಿಳಿದಿರಬೇಕು. ಅರಿಯದ ಭಯವೇ ಅರ್ಧ ದಣಿವು. ಶಿಕ್ಷಣದ ಹಕ್ಕಿನ ಕಾಯ್ದೆಯು 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಅದರ 10ನೆಯ ಪ್ರಕರಣವು ಹೇಳುತ್ತದೆ. ಈ ಮಾತನ್ನು ಕಣ್ಣುಮುಚ್ಚಿ ದಾಟುವಂತಿಲ್ಲ. ಆದುದರಿಂದ ಬಲ್ಲ ವಕೀಲರೊಬ್ಬರನ್ನು ಕಂಡು ತಮ್ಮ ಸ್ಥಿತಿಯನ್ನು ತಿಳಿದುಕೊಳ್ಳಬೇಕು. ಮಗು ಕಲಿತುದರ ದಿನಚರಿಯನ್ನು ಬರೆದಿಡಬೇಕು. ಶಾಲೆಯ ಹೊರಗಿರುವ ಮಕ್ಕಳ ಎಣಿಕೆಗೆ ಯಾರಾದರೂ ಬಂದರೆ ವಿನಯದಿಂದ ಅದನ್ನು ತೋರಿಸಬೇಕು. ಅದೇ ಕಾಯ್ದೆಯ 4ನೆಯ ಪ್ರಕರಣವು ಒಂದು ಧೈರ್ಯವನ್ನೂ ಕೊಡುತ್ತದೆ: ಶಾಲೆಗೆ ಸೇರದಿದ್ದ ಮಗುವು ಮುಂದೆ ಬಂದಾಗ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಸರಿಗಟ್ಟಲು ವಿಶೇಷ ತರಬೇತಿಯನ್ನು ಕೊಡಬೇಕು. ಅಲ್ಲದೆ, 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹದಿನಾಲ್ಕು ವರ್ಷ ತುಂಬಿದವರು ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಹಿಂದಿರುಗುವ ಬಾಗಿಲು ಮುಚ್ಚಿಲ್ಲ.

ಕಡೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಹೌದೆನ್ನುವವರಷ್ಟೇ ಆಸರೆಯಲ್ಲ. "ನಿನ್ನ ಮಗನು ಓರಗೆಯವರಿಲ್ಲದೆ ಬಾಡುತ್ತಿದ್ದಾನೆ," "ನೀನು ಇದನ್ನು ಮಗುವಿಗಾಗಿ ಮಾಡುತ್ತಿಲ್ಲ, ನಿನ್ನ ಹಟಕ್ಕಾಗಿ ಮಾಡುತ್ತಿದ್ದೀಯೆ" ಎಂದು ಹೇಳಬಲ್ಲ ಒಬ್ಬ ಸ್ನೇಹಿತೆಯಾದರೂ ಇರಬೇಕು. ಆಕೆಯ ಮಾತನ್ನು ಕೇಳುವ ಕಿವಿಯೂ ಇರಬೇಕು. ಮಕ್ಕಳ ಮನಸ್ಸನ್ನೂ ವರ್ಷಕ್ಕೊಮ್ಮೆಯಾದರೂ ಕೇಳಿರಿ. ಕಿರಿಯವಳು ಶಾಲೆಗೆ ಹೋಗಬೇಕೆಂದರೆ ಕಳುಹಿಸಿರಿ, ಅದು ಸೋಲಲ್ಲ. ಮನೆಗೆಲಸಕ್ಕೆಂದು ಅಥವಾ ತಮ್ಮನನ್ನು ಎತ್ತಿಕೊಳ್ಳುವುದಕ್ಕೆಂದು ಹೆಣ್ಣುಮಗುವನ್ನು ಶಾಲೆಯಿಂದ ಬಿಡಿಸುವವರು ಮಾತ್ರ ಈ ಲೇಖನದ ಮರೆಯಲ್ಲಿ ನಿಲ್ಲಬಾರದು. ಅಂಥ ಎಷ್ಟೋ ಹುಡುಗಿಯರಿಗೆ ಲೋಕಕ್ಕೆ ತೆರೆದ ಬಾಗಿಲು ಶಾಲೆಯೊಂದೇ.

ಮೊನ್ನೆ ಆ ತಾಯಿಯು ಪುನಃ ಬಂದಿದ್ದಳು. ಎರಡು ಬೀದಿ ಆಚೆಯ ಒಂದು ಮನೆಯೊಡನೆ ಗುರುವಾರದ ಏರ್ಪಾಡಾಗಿದೆಯಂತೆ. ಅಟ್ಟದ ಮೇಲಿದ್ದ ಅಳಗುಳಿಮಣೆಯನ್ನು ಅತ್ತೆಯವರೇ ಇಳಿಸಿ, ಗುಳಿಗೆ ನಾಲ್ಕರಂತೆ ಹುಣಿಸೆಬೀಜವನ್ನು ತುಂಬಿ ಮೊಮ್ಮಗನನ್ನು ಕೂರಿಸಿಕೊಂಡರಂತೆ. ಒಂದು ಸಾಲಿಗೆ ಗುಳಿ ಏಳು, ಬೀಜ ಇಪ್ಪತ್ತೆಂಟು ಎಂದು ಹುಡುಗನು ಎಣಿಸಿ ಹೇಳಿದನು. ಗುಳಿಗೆ ಐದಾದರೆ ಮೂವತ್ತೈದಲ್ಲವೆ ಎಂದು ತಾನಾಗಿಯೇ ಕೇಳಿದನು. ಅತ್ತೆಯವರ ಅಭಿಪ್ರಾಯವೇನೂ ಬದಲಾಗಿಲ್ಲ. "ಬರುವ ವರ್ಷವಾದರೂ ಶಾಲೆಗೆ ಹಾಕಿರಮ್ಮಾ," ಎಂದು ಅವರು ಈಗಲೂ ಹೇಳುತ್ತಾರೆ. ಆದರೆ ಈಗ ಬಾಯಿಬಿಟ್ಟು ಹೇಳುತ್ತಾರೆ, ಮೊಮ್ಮಗನ ಪಕ್ಕದಲ್ಲಿ ಕುಳಿತು ಹೇಳುತ್ತಾರೆ. ಸೊಸೆಗೆ ಅಷ್ಟೇ ಬೇಕಾಗಿತ್ತು.